ಮತ್ತು ಇತರ ಮುನ್ನೂರ ಹನ್ನೊಂದು ಮಂದಿ

ಕೋರ್ಟು ಎಂದರೆ ಜನಕ್ಕೆ ನೆನಪಾಗುವುದು ನ್ಯಾಯಾಧೀಶರು, ಕರಿಕೋಟಿನ ವಕೀಲರು, ಹೆಚ್ಚೆಂದರೆ ಕೆಂಪು ದಾರ ಕಟ್ಟಿದ ಕಡತ. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅವನು ಕೂಗದೆ ಒಂದು ಕೇಸೂ ಶುರುವಾಗುವುದಿಲ್ಲ. ಅವನು ಕೂಗಿದಾಗ ಯಾರೂ ಓಗೊಡದಿದ್ದರೆ ಆ ಕೇಸಿನ ಕಥೆ ಅಲ್ಲಿಗೇ ಮುಗಿಯಿತು. ಇದು ಅಂಥ ಒಬ್ಬನ ಸಂಗತಿ. ಒಂದೇ ಕೋರ್ಟಿನ ಒಂದೇ ಬಾಗಿಲಲ್ಲಿ ಮೂವತ್ತೊಂದು ವರ್ಷ ನಿಂತು ಕೂಗಿದವನು. ಕಟ್ಟಡದಲ್ಲೆಲ್ಲ ಅವನನ್ನು ಮೂರ್ಕೂಗು ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು.

ಆಳು ಕುಳ್ಳ, ಕಂಠ ಮಾತ್ರ ಎರಡಾಳಿನದು. ಎರಡನೇ ಮಹಡಿಯ ಓಣಿಯಲ್ಲಿ ನಿಂತು ಕೂಗಿದರೆ ಕೆಳಗೆ ಗೇಟಿನ ಹತ್ತಿರ ಜೆರಾಕ್ಸ್ ಮಾಡುವವನೂ ತಲೆ ಎತ್ತಿ ನೋಡಬೇಕು. ಬೆಳಿಗ್ಗೆ ಎದ್ದು ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಮಧ್ಯಾಹ್ನ ತಣ್ಣೀರು ಮುಟ್ಟದಿರುವುದು, ಸಂಜೆ ಮನೆಗೆ ಹೋದಮೇಲೆ ಪಿಸುಮಾತಿಗಿಂತ ದೊಡ್ಡ ಸದ್ದು ಮಾಡದಿರುವುದು, ಇವು ಅವನ ನೇಮ. ಗಂಟಲು ಸರ್ಕಾರದ ಆಸ್ತಿ ಎಂಬಂತೆ ಕಾಪಾಡುತ್ತಿದ್ದ. ಊಟಕ್ಕೆ ಕೂತಾಗ ಉಪ್ಪು ಬೇಕಿದ್ದರೂ ಬೆರಳಲ್ಲಿ ತೋರಿಸುತ್ತಿದ್ದ.

“ಊರಿನವರನ್ನೆಲ್ಲಾ ಹೆಸರು ಹಿಡಿದು ಕರೀತೀರಿ, ಕಟ್ಕೊಂಡ ಹೆಂಡ್ತಿ ಹೆಸರು ಒಂದು ಸಲ ಬಾಯಿಗೆ ಬರಲ್ವಲ್ಲ ರೀ!” ಎಂದು ಹೆಂಡತಿ ಹಂಗಿಸುತ್ತಿದ್ದಳು.

“ನಿನ್ನ ಮೇಲೆ ಯಾವ ಕೇಸೂ ಇಲ್ಲವಲ್ಲ,” ಎಂದು ಅವನು ಪಿಸುಗುಟ್ಟುತ್ತಿದ್ದ.

ಕೂಗುವ ಕೆಲಸಕ್ಕೂ ಒಂದು ರೂಢಿ ಇದೆ. ಕೇಸಿನಲ್ಲಿ ಒಬ್ಬನೇ ಇದ್ದರೆ ಅವನ ಹೆಸರು ಮೂರು ಸಲ. ಹತ್ತಾರು ಮಂದಿ ಇದ್ದರೆ ಮೊದಲನೆಯವರ ಹೆಸರು ಹಿಡಿದು, ಉಳಿದವರನ್ನು “ಮತ್ತು ಇತರರು” ಎಂದು ಒಟ್ಟಿಗೆ ಕಟ್ಟಿ, ಮೂರು ಸಲ ಕೂಗಿದರೆ ಆಯಿತು. ಪಳಗಿದ ಕಂಠಕ್ಕೆ ಇದೆಲ್ಲ ಒಂದೇ ಉಸಿರಿನ ಕೆಲಸ. ಆ ಒಂದು ಉಸಿರಿನೊಳಗೆ ನಲ್ಲಿಯ ಹತ್ತಿರ ನೀರು ಕುಡಿಯಲು ಹೋದವನೊಬ್ಬ, ಬೆಂಚಿನ ಮೇಲೆ ತೂಕಡಿಸಿದವಳೊಬ್ಬಳು ಕೇಸು ಕಳೆದುಕೊಂಡಿದ್ದುಂಟು. ಇಂಥವರು ಅತ್ತುಕೊಂಡು ಬಂದರೆ ಮೂರ್ಕೂಗು, “ನಾನು ಕೂಗೋನು, ಕೈ ಹಿಡಿದು ಕರ್ಕೊಂಡು ಬರೋನಲ್ಲ,” ಎನ್ನುತ್ತಿದ್ದ. ಅದಕ್ಕಾಗಿ ಅವನಿಗೆ ರಾತ್ರಿ ನಿದ್ದೆ ಕೆಟ್ಟದ್ದೇನೂ ಇಲ್ಲ. ಕಲ್ಲುಮನಸ್ಸಿನವನಲ್ಲ; ದಿನಕ್ಕೆ ಅರವತ್ತು ಕೇಸು ಕೂಗುವವನು ಅರವತ್ತಕ್ಕೂ ಮರುಗುತ್ತ ಕೂತರೆ ಮೂವತ್ತೊಂದು ವರ್ಷ ತಳ್ಳುವುದು ಹೇಗೆ?

ಅವನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ನಡೆದದ್ದು ಕರಾವಳಿಯ ಕೇರಿಯವರ ಕೇಸು. ನಡೆದದ್ದು ಎನ್ನುವುದಕ್ಕಿಂತ ಒಂಬತ್ತು ವರ್ಷದಿಂದ ತೆವಳುತ್ತಿದ್ದದ್ದು. ಕೋರ್ಟಿನಿಂದ ಬಸ್ಸಿನಲ್ಲಿ ಮೂರು ಗಂಟೆ ದೂರದಲ್ಲಿ, ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಒಂದು ಕೇರಿ. ಮನೆಗಳೊಳಗೆ ವರ್ಷಕ್ಕೊಮ್ಮೆ ನುಗ್ಗುತ್ತಿದ್ದ ನೀರು ತಿಂಗಳಿಗೊಮ್ಮೆ ಬರತೊಡಗಿತು. ಆಮೇಲೆ ಬಂದದ್ದು ಹೋಗಲೇ ಇಲ್ಲ. ಬಾವಿಗಳು ಉಪ್ಪಾದವು, ಶಾಲೆಯ ಗೋಡೆ ಕುಸಿಯಿತು, ಮೂರು ಸಾಲು ಮನೆಗಳಲ್ಲಿ ಒಂದು ಸಾಲು ಉಳಿಯಿತು. ಆ ಕೇರಿಯ ಮುನ್ನೂರ ಹನ್ನೆರಡು ಮಂದಿ ಸೇರಿ ದಾವೆ ಹೂಡಿದ್ದು ಸಮುದ್ರದ ಮೇಲಲ್ಲ, ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ ಒಂದು ದೊಡ್ಡ ಕಂಪನಿಯ ಮೇಲೆ. ‘ನಿಮ್ಮ ಚಿಮಣಿಯ ಹೊಗೆಯಿಂದ ಗಾಳಿ ಕಾದಿದೆ, ಗಾಳಿ ಕಾದು ಕಡಲು ಏರಿದೆ. ಲೋಕದ ಹೊಗೆಯಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟನ್ನು ಕೊಡಿ, ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಳ್ಳುತ್ತೇವೆ.’ ಅವರ ಬೇಡಿಕೆ ಇಷ್ಟೇ.

ಕಂಪನಿಯ ಹಿರಿಯ ವಕೀಲರು ಮೊದಲ ದಿನವೇ ನಕ್ಕರು. “ಹೊಗೆ ಬಿಡದವರು ಯಾರಿದ್ದಾರೆ ಸ್ವಾಮಿ? ವಾದಿಗಳೂ ಬಸ್ಸಿನಲ್ಲೇ ಬಂದಿದ್ದಾರೆ.” ನಿಜ ಹೇಳಬೇಕೆಂದರೆ ಬಾಗಿಲಲ್ಲಿ ನಿಂತಿದ್ದ ಮೂರ್ಕೂಗುವಿಗೂ ಆ ಮಾತು ಸರಿಯೆನಿಸಿತ್ತು. ಸಂಜೆ ಮನೆಯಲ್ಲಿ, “ಅಲ್ಲೆಲ್ಲೋ ಹೊಗೆ, ಇಲ್ಲೆಲ್ಲೋ ನೀರು. ಎತ್ತಣಿಂದೆತ್ತ ಸಂಬಂಧ?” ಎಂದಿದ್ದ.

ಹೆಂಡತಿ ಬಟ್ಟೆ ಮಡಚುತ್ತಿದ್ದವಳು, “ಹನಿಗೂಡಿದ್ರೆ ಹಳ್ಳ ಅಂತಾರಲ್ಲ. ಹನಿ ಹಾಕಿದೋರೆಲ್ಲಾ ನಂದು ಬರೀ ಒಂದು ಹನಿ ಅಂದ್ರೆ, ಹಳ್ಳದಲ್ಲಿ ಮುಳುಗಿದೋನು ಯಾರನ್ನ ಕೇಳಬೇಕು?” ಎಂದಳು. ಅವನು ಗಂಟಲು ತೋರಿಸಿ ಊಟದ ತಟ್ಟೆ ಹಾಕಿಕೊಂಡ.

ಒಂಬತ್ತು ವರ್ಷದಲ್ಲಿ ಮೂವರು ನ್ಯಾಯಾಧೀಶರು ಬದಲಾದರು. ಕಡತ ಒಂದು ಕಟ್ಟಿನಿಂದ ಹದಿನಾಲ್ಕು ಕಟ್ಟಾಯಿತು. ನೀರಿನ ಮಟ್ಟ ಅಳೆಯುವ ತಜ್ಞರು ಬಂದರು, ಅವರನ್ನು ಅಲ್ಲಗಳೆಯುವ ತಜ್ಞರೂ ಬಂದರು. ಗೆದ್ದವನು ಸೋತ, ಸೋತವನು ಸತ್ತ ಎಂಬ ಕೋರ್ಟಿನ ಗಾದೆಯಲ್ಲಿ ಕೇರಿಯವರು ಯಾವ ಕಡೆಗೂ ಸೇರದೆ ನಡುವೆ ಕೂತಿದ್ದರು. ಪ್ರತಿ ವಾಯಿದೆಗೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಓಣಿಯ ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಕೂಗಿದಾಗ ಐದಾರು ಜನ ಒಟ್ಟಿಗೆ “ಇದ್ದೀವಿ” ಎನ್ನುವುದು, ಮುಂದಿನ ತಾರೀಕು ಕೇಳಿಕೊಂಡು ಸಂಜೆಯ ಬಸ್ಸು ಹಿಡಿಯುವುದು. ಒಮ್ಮೆಯೂ ಅವರು ಕೂಗಿಗೆ ತಪ್ಪಿಸಿಕೊಂಡವರಲ್ಲ. ತಡ ಮಾಡಿದ್ದೆಲ್ಲ ಬೇರೆಯವರು: ತಜ್ಞರ ವರದಿ, ವಕೀಲರ ಜ್ವರ, ಕಾಣೆಯಾದ ಕಾಗದ. ಆದರೂ ವಾಯಿದೆಗಳ ಪಟ್ಟಿ ಉದ್ದವಾದಾಗ ಈಗಿನ ನ್ಯಾಯಾಧೀಶರು ಹುಬ್ಬು ಗಂಟಿಕ್ಕಿ ಒಂದು ಆದೇಶ ಬರೆದರು. ಮುಂದಿನ ತಾರೀಕಿಗೆ ವಾದಿಗಳ ಸಾಕ್ಷಿ ಕಡ್ಡಾಯ. ಇದೇ ಕೊನೆಯ ಅವಕಾಶ. ಹಾಜರಾಗದಿದ್ದರೆ ದಾವೆ ವಜಾ.

ಆ ತಾರೀಕಿನ ಬೆಳಿಗ್ಗೆ ಓಣಿಯ ಗೋಡೆ ಖಾಲಿ ಇತ್ತು.

ಹತ್ತೂವರೆಗೆ ಬೆಂಚ್ ಕ್ಲರ್ಕಿನ ಫೋನಿಗೆ ಕೇರಿಯವರ ವಕೀಲೆಯ ಸಂದೇಶ ಬಂತು. ಸಾಕ್ಷಿಗಳನ್ನು ಕರೆತರಲೆಂದು ಹಿಂದಿನ ದಿನವೇ ಕೇರಿಗೆ ಹೋಗಿದ್ದ ಆಕೆ ಈಗ ಅವರ ಜೊತೆಯಲ್ಲೇ ದಾರಿಯಲ್ಲಿ ಸಿಕ್ಕಿಬಿದ್ದಿದ್ದರು. ಕಡಲು ಉಕ್ಕಿ ರಸ್ತೆಯ ಮೇಲೆ ಸೊಂಟದವರೆಗೆ ನೀರು, ಎರಡು ಬಸ್ಸು ನಿಂತಿವೆ, ಹೇಗಾದರೂ ಬರುತ್ತೇವೆ. ಇಷ್ಟಾದಮೇಲೆ ಫೋನು ಸತ್ತಿತು.

ಹನ್ನೊಂದು ಗಂಟೆಗೆ ಕೇಸಿನ ಸರದಿ ಬಂದಾಗ ಕ್ಲರ್ಕು ಸಂದೇಶ ಓದಿ ಹೇಳಿದ. ಕಂಪನಿಯ ಕಡೆಯಿಂದ ಏಳು ಕರಿಕೋಟುಗಳು ಎದ್ದವು. “ರಸ್ತೆಯ ಮೇಲೆ ನೀರು ಬಂದಿದ್ದಕ್ಕೂ ನಾವೇ ಕಾರಣ ಅನ್ನುವುದಿಲ್ಲ ಅಂದುಕೊಂಡಿದ್ದೇನೆ,” ಎಂದರು ಹಿರಿಯ ವಕೀಲರು. ಒಂದಿಬ್ಬರು ನಕ್ಕರು. “ಕೊನೆಯ ಅವಕಾಶ ಅಂತ ತಾವೇ ಬರೆದಿದ್ದೀರಿ ಸ್ವಾಮಿ. ಇನ್ನು ವಾಯಿದೆ ಕೊಟ್ಟರೆ ಆದೇಶಕ್ಕೆ ಬೆಲೆ ಎಲ್ಲಿ?”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಆದೇಶ ಅವರದೇ, ಉಗುಳಿದ್ದನ್ನು ನುಂಗುವಂತಿಲ್ಲ. “ಕೂಗಿಸಿ. ಹಾಜರಿಲ್ಲದಿದ್ದರೆ ಆದೇಶ ಬರೆಯೋಣ,” ಎಂದರು.

ಮೂರ್ಕೂಗು ಮೇಜಿನ ಮೇಲಿದ್ದ ಮೊದಲ ಕಟ್ಟನ್ನು ಎತ್ತಿಕೊಂಡು ಓಣಿಗೆ ಬಂದ. ಹದಿನೈದು ಸೆಕೆಂಡಿನ ಕೆಲಸ. ಒಂದನೇ ವಾದಿ ಮತ್ತು ಇತರರು, ಮೂರು ಸಲ, ಮುಗಿಯಿತು. ಬಾಯಿ ತೆರೆದವನು ಹಾಗೆಯೇ ನಿಂತ. ಆ ಹೊತ್ತಿನಲ್ಲಿ ಅವನ ತಲೆಗೆ ಬಂದದ್ದು ಕಡಲೂ ಅಲ್ಲ, ಹೊಗೆಯೂ ಅಲ್ಲ. ಅವನಿಗೆ ಬಂದದ್ದು ಸಿಟ್ಟು. ಒಂಬತ್ತು ವರ್ಷ ಮೂವರು ನ್ಯಾಯಾಧೀಶರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದರು. ಕೊನೆಗೆ ಕೇಸನ್ನು ಕೊಲ್ಲುವ ಕೆಲಸ ಮಾತ್ರ ಜವಾನನ ಬಾಯಿಗೆ ಬಂತು. ‘ಸೋತರೆ ಸೋಲಲಿ. ನ್ಯಾಯಾಧೀಶರ ಬಾಯಲ್ಲಿ ಸೋಲಲಿ. ನನ್ನ ಬಾಯಲ್ಲಿ ಯಾಕೆ?’

ಅವನಿಗೆ ಒಂದು ಹಳೆಯ ಸುತ್ತೋಲೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ವಾರ ಅದನ್ನು ಬಾಯಿಪಾಠ ಮಾಡಿಸಿದ್ದರು, ಮರುವಾರದಿಂದ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ‘ಪ್ರತಿಯೊಬ್ಬ ಕಕ್ಷಿದಾರನ ಹೆಸರನ್ನು, ಕಸುಬು ಸಹಿತ, ಗೇಟಿನವರೆಗೆ ಕೇಳುವಂತೆ, ನಡುವೆ ಬಿಡುವು ಕೊಟ್ಟು, ಮೂರು ಬಾರಿ ಕೂಗತಕ್ಕದ್ದು.’

ಮೂರ್ಕೂಗು ಪಟ್ಟಿಯ ಹಾಳೆ ಬಿಚ್ಚಿದ. ಒಂದನೇ ವಾದಿಯ ಹೆಸರು, ದೋಣಿ ಬಡಗಿ, ಮೂರು ಸಲ. ಎರಡನೇ ವಾದಿಯ ಹೆಸರು, ಬಲೆ ಹೆಣೆಯುವವಳು, ಮೂರು ಸಲ. ಮೂರನೆಯವನು ಶಾಲಾ ಮಾಸ್ತರ. ಒಂದೊಂದು ಕೂಗಿಗೂ ನಡುವೆ ಗೇಟಿನ ಕಡೆ ನೋಡಿ, ಉಸಿರು ಎಳೆದುಕೊಂಡು, ಮತ್ತೆ.

ಏಳನೆಯ ಹೆಸರಿಗೆ ಬೆಂಚ್ ಕ್ಲರ್ಕು ಹೊರಗೆ ಬಂದ. “ಏನಯ್ಯಾ ಇದು, ತಲೆ ಕೆಟ್ಟಿದೆಯಾ? ಮತ್ತು ಇತರರು ಅಂದು ಮುಗಿಸು.”

“ಇತರರು ಯಾರು ಅಂತ ಕಾಗದದಲ್ಲಿ ಬರೆದಿದೆ ಸಾರ್. ಮುನ್ನೂರ ಹನ್ನೊಂದು ಮಂದಿ. ಒಬ್ಬೊಬ್ಬರನ್ನೂ ಕೂಗಬೇಕು ಅಂತ ಹಳೇ ಸುತ್ತೋಲೆ ಇದೆ.”

ಹದಿಮೂರನೆಯ ಹೆಸರಿಗೆ ಹಿರಿಯ ವಕೀಲರು ದೂರು ಕೊಟ್ಟರು. ನ್ಯಾಯಾಧೀಶರು ಸುತ್ತೋಲೆ ತರಿಸಿದರು. ಅದು ಸಿಗುವ ಹೊತ್ತಿಗೆ ಹೊರಗೆ ನಲವತ್ತನೆಯ ಹೆಸರು ನಡೆಯುತ್ತಿತ್ತು. ಓದಿದರು, ಮತ್ತೊಮ್ಮೆ ಓದಿದರು. “ನಿಯಮ ಇರುವುದೇ ಹಾಗೆ,” ಎಂದರು. “ಪಾಲಿಸಿದವನನ್ನು ಬೈಯಲೇ? ಕೂಗಲಿ. ಊಟದ ಬಿಡುವಿಗೆ ಮೊದಲು ಪಟ್ಟಿ ಮುಗಿಯಬೇಕು. ಮುಗಿದಾಗ ಯಾರೂ ಇರದಿದ್ದರೆ ವಜಾ.” ಬೇರೆ ಕೇಸುಗಳನ್ನು ಕ್ಲರ್ಕು ಒಳಗಿನಿಂದಲೇ ಕರೆಯತೊಡಗಿದ.

ಮೊದಲು ಓಣಿಯಲ್ಲಿದ್ದವರು ನಕ್ಕರು. ಜಮೀನಿನ ಕೇಸಿಗೆ ಬಂದಿದ್ದ ಅಣ್ಣತಮ್ಮಂದಿರು ಎರಡು ಬೆಂಚುಗಳಲ್ಲಿ ಬೆನ್ನು ತಿರುಗಿಸಿ ಕೂತಿದ್ದವರು ಇವನ ಆಟ ನೋಡಲು ಒಂದೇ ಕಡೆ ಮುಖ ಮಾಡಿದರು. ಎಂಬತ್ತು, ತೊಂಬತ್ತು ದಾಟಿದಾಗ ನಗು ನಿಂತಿತು. ಬರೀ ಹೆಸರಲ್ಲವಲ್ಲ, ಕಸುಬು ಬೇರೆ. ಐಸು ಒಡೆಯುವವನು, ಸೂಲಗಿತ್ತಿ, ದರ್ಜಿ, ಬಾವಿ ತೋಡುವವನು, ಕ್ಷೌರಿಕ, ಮತ್ತೊಬ್ಬ ದೋಣಿ ಬಡಗಿ. ಒಂದು ಇಡೀ ಕೇರಿ ಸಾಲಾಗಿ ಆ ಓಣಿಯಲ್ಲಿ ಹಾದುಹೋಗುತ್ತಿತ್ತು, ಒಬ್ಬರೂ ಕಾಣದೆ. ಟೈಪಿಸ್ಟಮ್ಮ ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ತಂದು ಅವನ ಕೈಗಿಟ್ಟರು.

ಇಲ್ಲಿ ಅವನದೊಂದು ಎಡವಟ್ಟೂ ಆಗಿತ್ತು. ಅವಸರದಲ್ಲಿ ಎತ್ತಿಕೊಂಡದ್ದು ಒಂಬತ್ತು ವರ್ಷದ ಹಿಂದಿನ ಮೂಲ ಪಟ್ಟಿ. ನಡುವೆ ತೀರಿಕೊಂಡವರ ಹೆಸರು ತೆಗೆದು ಹೊಸ ಪಟ್ಟಿ ಸಲ್ಲಿಸಿದ್ದರು. ಅದು ಹದಿನಾಲ್ಕನೆಯ ಕಟ್ಟಿನಲ್ಲಿತ್ತು. ಕಂಪನಿಯ ಕಿರಿಯ ವಕೀಲ, ಹೊಸ ಬೂಟಿನ ಚುರುಕು ಹುಡುಗ, ಅದನ್ನು ಹಿಡಿದುಬಿಟ್ಟ. ಹಿರಿಯರು ಎದ್ದರು. “ಸ್ವಾಮಿ, ಸತ್ತವರನ್ನೂ ಕೂಗುತ್ತಿದ್ದಾನೆ!”

“ಅವರು ಬರುತ್ತಾರೆ ಅಂತ ನಿಮಗೆ ಭಯವೇ?” ಎಂದರು ನ್ಯಾಯಾಧೀಶರು, ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತದೆ.

ಇನ್ನೂರು ದಾಟಿದಾಗ ಗಂಟಲು ಕೈ ಕೊಟ್ಟಿತು. ಮೊದಲು ಒಡೆಯಿತು, ಆಮೇಲೆ ತರಗೆಲೆ ತುಳಿದಂಥ ಸದ್ದಾಯಿತು. ಮೂವತ್ತೊಂದು ವರ್ಷ ಉಪ್ಪುನೀರು ಕುಡಿಸಿ ಸಾಕಿದ ಗಂಟಲು ಬೇಕಾದ ದಿನವೇ ಹೀಗೆ ಮಾಡಿತಲ್ಲ ಎಂದು ಅವನಿಗೆ ಅಳು ಬಂದಂತಾಯಿತು. ಕಣ್ಣು ಗೇಟಿನ ಮೇಲಿತ್ತು. ಗೇಟಿನಲ್ಲಿ ಜೆರಾಕ್ಸ್ ಅಂಗಡಿಯವನ ಹೊರತು ಯಾರೂ ಇರಲಿಲ್ಲ. ಇನ್ನೂರ ಐವತ್ತು. ಇನ್ನೂರ ಅರವತ್ತು. ಒಂದೂ ಇಪ್ಪತ್ತಾಯಿತು.

ಹಿರಿಯ ವಕೀಲರು ಇದನ್ನೇ ಕಾಯುತ್ತಿದ್ದರು. “ಗೇಟಿನವರೆಗೆ ಕೇಳಬೇಕು ಅಂತ ಸುತ್ತೋಲೆಯಲ್ಲಿದೆ, ಸ್ವಾಮಿ. ಈ ಬಾಗಿಲಿಗೇ ಕೇಳುತ್ತಿಲ್ಲ. ಕೇಳದ ಕೂಗು ಕೂಗೇ ಅಲ್ಲ; ಪಟ್ಟಿ ಇಲ್ಲಿಗೇ ಮುಗಿಯಿತು ಅಂತ ತಿಳಿಯಬೇಕು.”

“ಯಾರಾದರೂ ಗೇಟಿಗೆ ಹೋಗಿ ಕೇಳಿ ಬನ್ನಿ,” ಎಂದರು ನ್ಯಾಯಾಧೀಶರು.

ಹಿರಿಯರು ಕಿರಿಯನಿಗೆ ಕಣ್ಸನ್ನೆ ಮಾಡಿದರು. ಹುಡುಗ ಟಕಟಕ ಮೆಟ್ಟಿಲಿಳಿದು ಗೇಟಿಗೆ ಹೋದ. ಮೂರ್ಕೂಗು ಗೋಡೆಗೆ ಕೈ ಊರಿ, ಕಾಲಬೆರಳ ಮೇಲೆ ನಿಂತು, ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಎತ್ತಿ ಇನ್ನೂರ ಎಪ್ಪತ್ತಮೂರನೆಯವಳನ್ನು ಕೂಗಿದ. ಮನೆಗೆಲಸ. ಒಂದು ಸಲ. ಎರಡು ಸಲ. ಮೂರನೆಯದು ಅವನ ಕಿವಿಗೇ ಕೇಳಿಸಲಿಲ್ಲ.

ಕಿರಿಯ ವಕೀಲ ಬಹಳ ಹೊತ್ತು ಬರಲಿಲ್ಲ. ಬಂದಾಗ ಅವನ ಹೊಸ ಬೂಟಿಗೆ ಕೆಸರು ಮೆತ್ತಿತ್ತು.

“ಕೇಳಿಸಿತೇನಯ್ಯಾ?” ಎಂದರು ಹಿರಿಯರು.

“ಕೇಳಿಸಿತು ಸರ್,” ಎಂದ ಹುಡುಗ. “ಅವರಿಗೂ ಕೇಳಿಸಿದೆ.”

ಅವನ ಹಿಂದೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಐವತ್ತೋ ಅರವತ್ತೋ ಮಂದಿ, ಚಪ್ಪಲಿ ಕೈಯಲ್ಲಿ, ಎದೆಯವರೆಗೆ ಒದ್ದೆ. ಎಲ್ಲರಿಗಿಂತ ಮುಂದೆ ವಕೀಲೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಡತವನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದರು. ನೀರು ದಾಟಿ, ಲಾರಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ನಿಂತೇ ಬಂದಿದ್ದರು. ನ್ಯಾಯಾಧೀಶರು ಬಾಗಿಲಿನ ಕಡೆ ನೋಡಿ, “ಸಾಕು, ಕೂಗುವುದು ಬೇಡ,” ಎಂದರು. ಮೂರ್ಕೂಗು ಅಲ್ಲೇ ಬೆಂಚಿನ ಮೇಲೆ ಕುಸಿದ. ಅವನಿಗೆ ಸಂತೋಷವಾಯಿತು, ಮದುವೆಯ ದಿನವೂ ಅಷ್ಟು ಆಗಿರಲಿಲ್ಲ ಎಂದು ಆಮೇಲೆ ಹೆಂಡತಿಯ ಎದುರೇ ಹೇಳಿ ಬೈಸಿಕೊಂಡ.

ಆ ಮಧ್ಯಾಹ್ನ ಸಾಕ್ಷಿ ನಡೆಯಿತು. ಮೊದಲು ಕಟಕಟೆ ಹತ್ತಿದವಳು ಅರವತ್ತೆರಡನೇ ವಾದಿ, ಒಣಮೀನು ಮಾರುವ ಮುದುಕಿ. ಲೋಕದ ಹೊಗೆಯೆಲ್ಲ ಒಂದಾಗಿರುವಾಗ ನಮ್ಮ ಚಿಮಣಿಯದು ಯಾವುದು ಅಂತ ಹೇಗೆ ಗುರುತಿಸಿದಿರಿ ಎಂದು ಹಿರಿಯ ವಕೀಲರು ಕೇಳಿದರು. “ನನಗೆ ಗುರುತು ಸಿಗಲ್ಲ ಸ್ವಾಮಿ. ಎಷ್ಟು ಸುಟ್ಟಿರಿ ಅಂತ ನೀವೇ ವರ್ಷವರ್ಷಾ ಪುಸ್ತಕ ಅಚ್ಚು ಹಾಕಿಸ್ತೀರಂತಲ್ಲ, ಅದನ್ನೇ ಓದಿ,” ಎಂದಳು. ಆ ಮಾತು ತೀರ್ಪಿನಲ್ಲೂ ಸೇರಿತು.

ತೀರ್ಪಿನ ಮಾತು ಇಲ್ಲೇ ಮುಗಿಸಿಬಿಡಬಹುದು. ಬಂದದ್ದು ಎರಡು ವರ್ಷದ ಮೇಲೆ, ಮೂರ್ಕೂಗು ನಿವೃತ್ತನಾದ ಮೇಲೆ. ಕಂಪನಿ ತನ್ನ ಪಾಲಿನಷ್ಟು ಕೊಡಬೇಕು ಎಂದಿತು ಕೋರ್ಟು. ಕಂಪನಿ ಮೇಲ್ಮನವಿಗೆ ಹೋಯಿತು. ಕೇರಿಯ ಉಳಿದ ಸಾಲಿನಲ್ಲಿ ಇನ್ನೂ ನಾಲ್ಕು ಮನೆ ಹೋದವು. ಗೆದ್ದರೋ ಸೋತರೋ, ಓದುವವರೇ ಹೇಳಲಿ. ಕೂಗಿದ ಆ ದಿನದ ಕೋರ್ಟಿನ ಹಾಳೆಯಲ್ಲಿ ಅವನ ಎರಡೂವರೆ ಗಂಟೆಗೆ ಸಿಕ್ಕ ಜಾಗ ಇಷ್ಟು: ‘ಕೂಗಿಸಲಾಯಿತು. ವಾದಿಗಳು ಹಾಜರು.’

ಆ ಸಂಜೆ ಐದಕ್ಕೆ ಓಣಿ ಖಾಲಿಯಾಯಿತು. ಮೂರ್ಕೂಗು ಬಾಗಿಲಿಗೆ ಬೀಗ ಹಾಕುತ್ತಿದ್ದ. ಒಣಮೀನಿನ ಮುದುಕಿ ಒಬ್ಬಳೇ ಉಳಿದಿದ್ದಳು. ಸೀರೆ ಮೈಮೇಲೇ ಒಣಗಿ ಅಂಚಿಗೆ ಉಪ್ಪು ಕಟ್ಟಿತ್ತು.

“ಅಣ್ಣಾ, ನಮ್ಮೋರ ಹೆಸರೆಲ್ಲಾ ಒಂದೊಂದಾಗಿ ಕೂಗಿದ್ರಂತೆ. ಆ ಟೈಪಿಸ್ಟಮ್ಮ ಹೇಳಿದ್ರು.”

ಅವನು ತಲೆಯಾಡಿಸಿದ. ಗಂಟಲಿಂದ ಗಾಳಿಯ ಹೊರತು ಏನೂ ಬರುತ್ತಿರಲಿಲ್ಲ.

“ಅರವತ್ತೊಂದು ನಮ್ಮ ಯಜಮಾನ್ರು. ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವರನ್ನೂ ಕೂಗಿದ್ರಾ?”

ಮೂರ್ಕೂಗು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನೆಲ ನೋಡಿದ. ಹಳೆಯ ಪಟ್ಟಿ, ಗೊತ್ತಾಗಲಿಲ್ಲ, ಕ್ಷಮಿಸಿ ಎಂದು ಕೈಯಲ್ಲೇ ಹೇಳಲು ನೋಡಿದ.

“ಅಯ್ಯೋ, ಅದಕ್ಕಲ್ಲ ಅಣ್ಣಾ.” ಮುದುಕಿ ಸೆರಗು ಸರಿಮಾಡಿಕೊಂಡಳು. “ಅವರ ಹೆಸರನ್ನ ಇನ್ನೊಬ್ಬರ ಬಾಯಲ್ಲಿ ಕೇಳಿ ಬಹಳ ದಿನ ಆಯ್ತು. ಇವತ್ತು ಕೂಗಿದ್ದೀರಿ, ನಾನು ನೀರಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಇನ್ನೊಂದು ಸಲ ಕೂಗ್ತೀರಾ?”

ಅವನು ಗಂಟಲು ಮುಟ್ಟಿ ತೋರಿಸಿದ, ಆಗದು ಎಂದು. ಅವಳು ಹೋಗಲಿಲ್ಲ. ಅವನು ಬೀಗ ತೆಗೆದು ಒಳಗೆ ಹೋಗಿ ಪಟ್ಟಿ ತಂದ, ಅರವತ್ತೊಂದನೆಯ ಹೆಸರಿನ ಮೇಲೆ ಬೆರಳಿಟ್ಟ, ದಿನವೂ ನಿಲ್ಲುವ ಜಾಗದಲ್ಲಿ ನಿಂತ. ಹೆಸರು, ಒಣಮೀನು ವ್ಯಾಪಾರ. ಮೂರು ಸಲ, ನಡುವೆ ಬಿಡುವು ಕೊಟ್ಟು. ಎರಡು ಹೆಜ್ಜೆ ಆಚೆ ಇದ್ದವರಿಗೂ ಕೇಳುತ್ತಿರಲಿಲ್ಲ. ಮುದುಕಿ ಒಂದು ಹೆಜ್ಜೆಯ ದೂರದಲ್ಲಿ ನಿಂತು ಮೂರನ್ನೂ ಕೇಳಿಸಿಕೊಂಡಳು.

“ಇದ್ದಾರೆ,” ಎಂದಳು.